ಬಿ ಸೈಡಿನ ಹಾಡುಗಳು



ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನಮ್ಮ ಹುಳದ ಮನೆ ಊರಿನ ಅಂಚಿನಲ್ಲಿತ್ತು. ರೇಷ್ಮೆಹುಳ ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹೊತ್ತುಗೊತ್ತಿಲ್ಲದೆ ತಿನ್ನುತ್ತದೆ, ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ಎಂಬತ್ತರ ದಶಕದ ಅಂಥ ರಾತ್ರಿಗಳಲ್ಲಿ ನಾವು ನಾಲ್ವರು ಗೆಳೆಯರು ನಿದ್ದೆ ಬಾರದಿರಲೆಂದು ಒಂದು ಟೇಪ್ ರೆಕಾರ್ಡರ್ ಇಟ್ಟುಕೊಳ್ಳುತ್ತಿದ್ದೆವು. ಹಾಡಿಗಿಂತ ಹೆಚ್ಚಾಗಿ ನಮ್ಮನ್ನು ಎಚ್ಚರವಾಗಿಟ್ಟದ್ದು ಜಗಳ. ಎಲ್ಲ ಕಾಲಕ್ಕೂ ದೊಡ್ಡ ಕ್ಯಾಸೆಟ್ ಯಾವುದು? ಒಬ್ಬೊಬ್ಬರೂ ಐದು ಹೆಸರು ಹೇಳಬೇಕು, ಕಾರಣ ಕೊಡಬೇಕು. ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋದಾಗಲೂ ಆ ಜಗಳ ಸಾಲಿನಲ್ಲಿ ಮುಂದುವರಿಯುತ್ತಿತ್ತು.

ಆಲ್ಬಂ ಎಂಬ ಮಾತನ್ನು ನಾವು ಆಗ ಬಳಸುತ್ತಿರಲಿಲ್ಲ. ನಮಗೆ ಆಲ್ಬಂ ಎಂದರೆ ಮದುವೆ ಫೋಟೋದ ಆಲ್ಬಂ. ಹಾಡಿಗೆ ಆ ಹೆಸರು ಬಂದದ್ದೂ ಹೆಚ್ಚುಕಡಿಮೆ ಹಾಗೆಯೇ. ಹಳೆಯ 78 ವೇಗದ ಪ್ಲೇಟಿನ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷದ ಹಾಡು ಹಿಡಿಯುತ್ತಿತ್ತು. ದೊಡ್ಡ ಕೃತಿಯಾದರೆ ಹಲವು ಪ್ಲೇಟುಗಳನ್ನು ಪುಸ್ತಕದ ಹಾಗೆ ರಟ್ಟಿನ ಹೊದಿಕೆಯೊಳಗೆ ಜೋಡಿಸಿ ಮಾರುತ್ತಿದ್ದರು. ಆ ಹೊತ್ತಗೆಯೇ ಆಲ್ಬಂ. ಕನ್ನಡದಲ್ಲಿ ಪ್ಲೇಟಿಗೆ ಧ್ವನಿಮುದ್ರಿಕೆ ಎಂದರು, ಕ್ಯಾಸೆಟ್ಟಿಗೆ ಧ್ವನಿಸುರುಳಿ ಎಂದರು. ಧ್ವನಿಸುರುಳಿ! ಅಷ್ಟು ಚೆಂದದ ಪದ ಇಂದು ಹಳೆಯ ಆಹ್ವಾನಪತ್ರಿಕೆಗಳಲ್ಲಷ್ಟೇ ಉಳಿದಿದೆ ಎಂಬುದು ನನ್ನ ನಿಜವಾದ ಸಂಕಟ.

ನಮ್ಮ ದೇಶದಲ್ಲಿ ಪ್ಲೇಟಿನ ಕಥೆ 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಮೊದಲಾದವರು ಹಾಡಿದಾಗ ಶುರುವಾಯಿತು. ಗಂಟೆಗಟ್ಟಲೆ ರಾಗ ವಿಸ್ತರಿಸಬಲ್ಲ ಗೌಹರ್ ಜಾನ್ ಮೂರು ನಿಮಿಷದಲ್ಲಿ ಮುಗಿಸಿ, ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದರು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. 1948ರಲ್ಲಿ ಲಾಂಗ್ ಪ್ಲೇ ಬಂತು. ಬದಿಯೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಜಾಗ. ಹಾಗೆ ಜಾಗ ಸಿಕ್ಕಿದ್ದರಿಂದಲೇ 1963ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಒಂದೇ ಪ್ಲೇಟಿನಲ್ಲಿ ಇಡಿಯಾಗಿ ನಿಂತಿತು. ಅದನ್ನು ಪಟ್ಟಿಗೆ ಸೇರಿಸಬೇಕೆಂದು ನಮ್ಮಲ್ಲಿ ಯಾರೂ ವಾದಿಸಲಿಲ್ಲ. ಬೆಳಗನ್ನು ಯಾರಾದರೂ ಪಟ್ಟಿಗೆ ಸೇರಿಸುತ್ತಾರೆಯೇ?

ಪ್ಲೇಟು ಕೊಳ್ಳುವ ಶಕ್ತಿ ಹಳ್ಳಿಯ ಮನೆಗಳಿಗೆ ಎಲ್ಲಿತ್ತು? ನಮಗೆ ಬಂದದ್ದು ರೇಡಿಯೋ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಖಾಸಗಿಯಾಗಿ ಶುರುಮಾಡಿದ ಆಕಾಶವಾಣಿ, 1955ರಲ್ಲಿ ಬಂದ ಬೆಂಗಳೂರು ನಿಲಯ, 1957ರ ವಿವಿಧ ಭಾರತಿ. ಪಿ. ಕಾಳಿಂಗರಾಯರು ಕವಿತೆಯನ್ನು ಕಂಠಕ್ಕೆ ತಂದದ್ದನ್ನು ನಮ್ಮ ತಂದೆಯ ತಲೆಮಾರಿನವರು ಈ ರೇಡಿಯೋದಲ್ಲೇ ಕೇಳಿದರು. ರೇಡಿಯೋದಲ್ಲಿ ಬಂದ ಹಾಡು ಬಂದಹಾಗೇ ಹೋಗುತ್ತಿತ್ತು. ಮತ್ತೆ ಬರುವವರೆಗೆ ಕಾಯಬೇಕು. ಒಂದು ಹಾಡಿನ ಮೇಲೆ ಆಸೆ ಹುಟ್ಟುತ್ತಿತ್ತು. ಅದರ ಅಕ್ಕಪಕ್ಕದ ಹಾಡುಗಳ ಪರಿಚಯ ಆಗುತ್ತಿರಲಿಲ್ಲ.

ಆ ಪರಿಚಯ ಆದದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿ 1963ರಲ್ಲೇ ಅದನ್ನು ಹೊರತಂದಿದ್ದರೂ ನಮ್ಮೂರಿನ ಕಡೆ ಬರಲು ಹದಿನೈದು ಇಪ್ಪತ್ತು ವರ್ಷ ಬೇಕಾಯಿತು. ಕನ್ನಡದ ಮಟ್ಟಿಗೆ ದೊಡ್ಡ ವರ್ಷ 1978. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು, ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ. ನಿಸಾರ್ ನಮ್ಮ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದವರು, ಭೂವಿಜ್ಞಾನದ ಮೇಷ್ಟ್ರು. ಸಿನಿಮಾದ ನಾಯಕನಿಲ್ಲ, ದೇವರಿಲ್ಲ, ಕುಣಿತವಿಲ್ಲ. ಕಾಲೇಜಿನ ಮೇಷ್ಟ್ರೊಬ್ಬರ ಕವಿತೆಗಳನ್ನು ಜನ ದುಡ್ಡು ಕೊಟ್ಟು ಕೊಂಡು ಮನೆಯಲ್ಲಿ ಹಾಕಿ ಕೇಳಿದರು. ಪಶ್ಚಿಮದಲ್ಲಿ ಗೆಳೆಯರು ದೊಡ್ಡ ಆಲ್ಬಂ ಯಾವುದೆಂದು ವಾದಿಸುವಾಗ ಗಿಟಾರಿನವರ, ಡ್ರಮ್ಮಿನವರ ತಂಡಗಳ ಹೆಸರು ಬರುತ್ತದೆ. ನಮ್ಮ ಹುಳದ ಮನೆಯ ವಾದದಲ್ಲಿ ಬರುತ್ತಿದ್ದದ್ದು ಕವಿಗಳ ಹೆಸರು. ನಿಸಾರ್, ಕೆ.ಎಸ್. ನರಸಿಂಹಸ್ವಾಮಿ, ಬೇಂದ್ರೆ, ಶಿಶುನಾಳ ಷರೀಫರು. ಇದು ಕನ್ನಡಕ್ಕೆ ಸಿಕ್ಕ ದೊಡ್ಡ ಭಾಗ್ಯ ಎಂದು ನಾನು ನಂಬಿದ್ದೇನೆ.

ನಮ್ಮ ಆಟಕ್ಕೆ ಇದ್ದದ್ದು ಒಂದೇ ನಿಯಮ. ಒಂದು ಹಾಡನ್ನೂ ಓಡಿಸದೆ ಎ ಸೈಡು, ಬಿ ಸೈಡು ಎರಡನ್ನೂ ಪೂರ್ತಿ ಕೇಳುವಂತಿರಬೇಕು. ಇದನ್ನು ಮಾಡಿದ್ದು ನಾವಲ್ಲ, ಬ್ಯಾಟರಿ. ಕರೆಂಟು ಹೋದ ರಾತ್ರಿ ಫಾರ್ವರ್ಡ್ ಒತ್ತಿದರೆ ಸೆಲ್ಲು ಬೇಗ ಇಳಿಯುತ್ತಿತ್ತು. ಹಾಗಾಗಿ ಇಷ್ಟವಿಲ್ಲದ ಹಾಡನ್ನೂ ಕೇಳಿದೆವು, ಹತ್ತನೇ ಸಲಕ್ಕೆ ಅದು ಇಷ್ಟವಾಯಿತು. ಎ ಸೈಡಿನ ಮೊದಲ ಹಾಡು ಊರಿಗೆಲ್ಲ ಸೇರಿದ್ದು, ಬಿ ಸೈಡಿನ ಮೂರನೇ ಹಾಡು ನಮ್ಮದು.

ಜಗಳದಲ್ಲಿ ಅನಂತಸ್ವಾಮಿಯವರ ಕಡೆ ನಾನು. ಸಿ. ಅಶ್ವಥ್ ಕಡೆ ಸೈಕಲ್ ಷಾಪಿನ ಗೆಳೆಯ. ಷರೀಫರ ತತ್ವಪದಗಳನ್ನು ಅಶ್ವಥ್ ಎತ್ತಿಕೊಂಡು ಹಾಡಿದರೆ ಅವನಿಗೆ ಮೈಮೇಲೆ ಬಂದಹಾಗೆ. “ಲೇ, ಅನಂತಸ್ವಾಮಿ ಪಕ್ಕದಲ್ಲಿ ಕೂತು ಹೇಳ್ತಾರೆ, ಅಶ್ವಥ್ ಎದೆಗೇ ಕೈ ಹಾಕ್ತಾರೆ ಕಣೋ” ಅನ್ನುತ್ತಿದ್ದ. ಪಕ್ಕದಲ್ಲಿ ಕೂತು ಹೇಳುವುದೇ ಕವಿತೆಗೆ ತಕ್ಕದ್ದು ಎಂದು ನಾನು. ಅವನ ಮಾತಿನಲ್ಲಿ ಸತ್ಯವಿತ್ತು ಎಂದು ಈಗ ಒಪ್ಪುತ್ತೇನೆ.

ಮೂರನೆಯವನ ತಾಯಿ ಕೆಜಿಎಫ್‌ನವರು, ಮನೆಯಲ್ಲಿ ತಮಿಳು. ಅವನ ಐದು ಹೆಸರೂ ಇಳಯರಾಜ. ಹಲವು ಭಾಷೆಗಳ ನಮ್ಮ ಜಿಲ್ಲೆಯಲ್ಲಿ ಪಟ್ಟಿ ಮಾಡುವುದು ಇದಕ್ಕೇ ಕಷ್ಟ. ತೆಲುಗು ಮಾತಾಡುವ ಮುಳಬಾಗಿಲು, ಶ್ರೀನಿವಾಸಪುರದ ಕಡೆಗೆ ಹೋದರೆ ಘಂಟಸಾಲ ಕೊನೆಯ ವರ್ಷಗಳಲ್ಲಿ ಹಾಡಿದ ಭಗವದ್ಗೀತೆಯನ್ನು ಬಿಟ್ಟವನ ಪಟ್ಟಿಯನ್ನು ಯಾರೂ ಒಪ್ಪುವುದಿಲ್ಲ. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಬಂದಾಗ ಮಾತ್ರ ನಾಲ್ವರೂ ಒಂದು ತಿಂಗಳು ಒಂದೇ ಮಾತಾಗಿದ್ದೆವು.

ನಾಲ್ಕನೆಯವನು ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ರಾತ್ರಿ, ಹುಳ ಗೂಡು ಕಟ್ಟುವ ಚಂದ್ರಿಕೆ ಎತ್ತಿಡುತ್ತ ಕೇಳಿದ: “ನಮ್ಮ ಕೇರಿಯಲ್ಲಿ ಹೇಳೋ ಹಾಡು ಯಾವ ಕ್ಯಾಸೆಟ್ಟಿನಲ್ಲಿದೆ?” ನಮ್ಮ ಬಳಿ ಉತ್ತರವಿರಲಿಲ್ಲ. ನಾಟಿಯ ಪದ, ತಮಟೆಯ ವರಸೆ, ಕೈವಾರ ತಾತಯ್ಯನವರ ತತ್ವಗಳು, ದಲಿತ ಸಂಘರ್ಷ ಸಮಿತಿಯ ಹುಡುಗರು ಊರೂರು ಸುತ್ತಿ ಕಲಿಸಿದ ಹೋರಾಟದ ಹಾಡುಗಳು, ಇವೆಲ್ಲ ಬಾಯಿಂದ ಬಾಯಿಗೇ ಹೋದವು. ಕೋಲಾರದ ದೊಡ್ಡ ಆಲ್ಬಂ ಯಾರೂ ಮುದ್ರಿಸದೇ ಹೋದದ್ದು ಎಂದು ಅವನು ಅಂದು ಹೇಳಿದ ಮಾತನ್ನು ನಾನು ಈ ಚರಿತ್ರೆಯಿಂದ ಬಿಡಲಾರೆ. ಮುಂದೆ ಪಿಚ್ಚಳ್ಳಿ ಶ್ರೀನಿವಾಸ್ ಅಂಥವರ ಕಂಠದಲ್ಲಿ ಆ ಹಾಡುಗಳು ದೊಡ್ಡ ವೇದಿಕೆಗೆ ಬಂದವು. ಕೋಟಿಗಾನಹಳ್ಳಿ ರಾಮಯ್ಯನವರ ‘ಆದಿಮ’ ಸಾಂಸ್ಕೃತಿಕ ಕೇಂದ್ರ ತೇರಹಳ್ಳಿ ಬೆಟ್ಟದ ಮೇಲೆ ‘ಹುಣ್ಣಿಮೆ ಹಾಡು’ ನಡೆಸಿದಾಗ ಅವನೇ ನಮ್ಮನ್ನು ಬೆಟ್ಟಕ್ಕೆ ಕರೆದುಕೊಂಡು ಹೋದ. ಬೆಳದಿಂಗಳಲ್ಲಿ ಬಂಡೆಯ ಮೇಲೆ ಕೂತು ಕೇಳಿದೆವು. ಇಳಿಯುವಾಗ ಯಾರೂ ವಾದ ತೆಗೆಯಲಿಲ್ಲ.

ಸುರುಳಿಯ ಕಾಲ ಮುಗಿದದ್ದು ಬೇಗ. ನೂರಾರು ಹಾಡಿನ ಎಂಪಿತ್ರೀ ಸೀಡಿ, ಆಮೇಲೆ ಅಂಗಡಿಯಲ್ಲಿ ತುಂಬಿಸಿಕೊಡುವ ಮೆಮೊರಿ ಕಾರ್ಡ್, ಈಗ ಫೋನು. ನರಸಾಪುರವೂ ಬದಲಾಯಿತು, ಹೋಂಡಾ ಬಂತು, ಫೋನು ತಯಾರಿಸುವ ಕಾರ್ಖಾನೆಯೇ ಬಂತು. ಪಾಳಿ ಬಿಡುವ ಹೊತ್ತಿಗೆ ಬಸ್ಸುಗಳ ತುಂಬ ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು, ಎಲ್ಲರ ಕಿವಿಯಲ್ಲೂ ಅವರವರ ಹಾಡು. ಅವರಿಗಿರುವಷ್ಟು ಸಂಗೀತ ನಮಗೆ ಕನಸಿನಲ್ಲೂ ಇರಲಿಲ್ಲ. ಆದರೆ ವಾದಕ್ಕೆ ಇಬ್ಬರೂ ಅದೇ ಹಾಡುಗಳನ್ನು ಅದೇ ಸರದಿಯಲ್ಲಿ ಕೇಳಿರಬೇಕು. ಅದು ಕಡಿಮೆಯಾಗಿದೆ.

ನಮ್ಮ ಹಳೆಯ ಜಗಳಕ್ಕೆ ಮಾತ್ರ ರಾಜ್ಯವೇ ಸಾಕ್ಷಿಯಾಯಿತು. ಕುವೆಂಪು ಅವರ ಕವಿತೆಯನ್ನು 2004ರಲ್ಲಿ ಸರ್ಕಾರ ನಾಡಗೀತೆ ಎಂದು ಘೋಷಿಸಿತು. ಹಾಡುವುದು ಯಾವ ಧಾಟಿಯಲ್ಲಿ? ಅನಂತಸ್ವಾಮಿಯವರದೋ, ಅಶ್ವಥ್ ಅವರದೋ? ಅನಂತಸ್ವಾಮಿ 1995ರಲ್ಲೇ ಹೋಗಿದ್ದರು, ಅಶ್ವಥ್ 2009ರಲ್ಲಿ ಹೋದರು, ಪ್ರಶ್ನೆ ಉಳಿಯಿತು. ಸಮಿತಿಗಳು ಕೂತವು, ಅಭಿಮಾನಿಗಳು ಪತ್ರಿಕೆಗಳಲ್ಲಿ ಬರೆದರು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿನವರೆಗೆ ಹೋಗಿ 2024ರ ಏಪ್ರಿಲ್‌ನಲ್ಲಿ ವಜಾ ಆಯಿತು. ಹಾಡಿನ ಧಾಟಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವಷ್ಟು ಪ್ರೀತಿ ಈ ನಾಡಿನವರಿಗಿದೆ ಎಂದು ನನಗೆ ಅಂದು ಹೆಮ್ಮೆಯಾಯಿತು.

ತೀರ್ಪು ಬಂದ ಸಂಜೆ ಸೈಕಲ್ ಷಾಪಿನ ಗೆಳೆಯ ಫೋನ್ ಮಾಡಿ, “ಗೆದ್ದೆ ಬಿಡಪ್ಪ” ಎಂದ. ಅವನ ದನಿ ಸಣ್ಣಗಿತ್ತು. ಆ ವರ್ಷ ನವೆಂಬರ್ ಒಂದರಂದು ಊರಿನ ಶಾಲೆಯ ಮೈದಾನದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಮಕ್ಕಳು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಿದರು. ಅವನ ತುಟಿಗಳು ಆಡುತ್ತಿದ್ದವು, ದನಿ ಹೊರಗೆ ಬರುತ್ತಿರಲಿಲ್ಲ. ಕಿವಿಗೊಟ್ಟೆ. ಮೆಲ್ಲಗೆ, ಯಾರಿಗೂ ತೊಂದರೆಯಾಗದ ಹಾಗೆ, ಅಶ್ವಥ್ ಧಾಟಿಯಲ್ಲಿ ಹಾಡಿಕೊಳ್ಳುತ್ತಿದ್ದ. ನಾನು ಇನ್ನೂ ಸ್ವಲ್ಪ ಹತ್ತಿರ ಸರಿದು ನಿಂತೆ.