ಕೂಲಿ ಮಠದಿಂದ ಗೌರವಧನದವರೆಗೆ



ವಿದ್ಯೆ ಕಲಿಸುವವನು ಸಂಬಳಕ್ಕಾಗಿ ಪಾಠ ನಿಲ್ಲಿಸಬಹುದೇ ಎಂಬ ಚರ್ಚೆ ನಮ್ಮ ನಾಡಿನಲ್ಲಿ ಕೆಲವು ವರ್ಷಗಳಿಗೊಮ್ಮೆ ತಪ್ಪದೆ ತಲೆಯೆತ್ತುತ್ತದೆ. ೨೦೧೬ರ ಏಪ್ರಿಲ್ ತಿಂಗಳಿನಲ್ಲಿ ಪದವಿಪೂರ್ವ ಕಾಲೇಜುಗಳ ಉಪನ್ಯಾಸಕರು ವೇತನದ ತಾರತಮ್ಯವನ್ನು ಮುಂದಿಟ್ಟು, ದ್ವಿತೀಯ ವರ್ಷದ ಉತ್ತರಪತ್ರಿಕೆಗಳನ್ನು ತಿದ್ದುವುದಿಲ್ಲವೆಂದರು. ೨೦೨೧ರ ಡಿಸೆಂಬರಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿಗಳನ್ನು ಬಿಟ್ಟು ಹೊರಬಂದರು. ೨೦೨೩ರ ನವೆಂಬರಿನಲ್ಲಿ ಮತ್ತೆ ಹೊರಬಂದವರು ಆ ವರ್ಷವೆಲ್ಲ ಕಳೆದರೂ ಹಿಂದಿರುಗಲಿಲ್ಲ. ಪ್ರತಿಯೊಂದು ಸಲವೂ ನಾವು ಕೇಳುವುದು ಎರಡೇ ಮಾತು. ಗುರುವಾದವನು ಹೀಗೆ ಮಾಡಬಾರದು ಎಂಬುದೊಂದು; ಹೊಟ್ಟೆಗೆ ಸಾಲದವನು ಇನ್ನೇನು ಮಾಡಿಯಾನು ಎಂಬುದು ಇನ್ನೊಂದು. ಈ ಎರಡು ಮಾತುಗಳ ನಡುವೆ ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡುವವರು ಕಡಿಮೆ. ನಾನೂ ಕಾಲೇಜಿನಲ್ಲಿ ಪಾಠ ಹೇಳುವವನು, ಆದರೆ ಕಾಯಂ ಹುದ್ದೆಯವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಇಡೀ ವ್ಯಾಜ್ಯವೆಲ್ಲ ನಿಂತಿರುವುದು ಈ ಒಂದು ಭೇದದ ಮೇಲೆಯೇ.

ತಾವು ಬಹುಮಟ್ಟಿಗೆ ನಗರವಾಸಿಗಳು. ಆದಕಾರಣ ತಮ್ಮನ್ನು ಸ್ವಲ್ಪ ಹೊತ್ತು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಮಾಲೂರು ಹೆಂಚು ಇಟ್ಟಿಗೆಗಳ ಊರು. ಶ್ರೀನಿವಾಸಪುರ ಮಾವಿನ ಊರು. ಮುಳಬಾಗಿಲು ೧೮೮೭ರಲ್ಲಿ ಡಿ. ವಿ. ಗುಂಡಪ್ಪನವರು ಹುಟ್ಟಿದ ಊರು. ಕೋಲಾರದ ಟಮಕದಲ್ಲಿ ೨೦೧೭ರಿಂದ ಈಚೆಗೆ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವೂ ಉಂಟು. ನಾಲ್ಕು ಊರುಗಳಲ್ಲಿಯೂ ಸರ್ಕಾರದ ಪ್ರಥಮ ದರ್ಜೆ ಕಾಲೇಜುಗಳಿವೆ. ಅಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಬೆಳಗಿನ ಬಸ್ಸು ಹಿಡಿದು ಬರುವ ಹಳ್ಳಿಯ ಮಕ್ಕಳು. ಮನೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ, ಪಠ್ಯಪುಸ್ತಕದಲ್ಲಿ ಎಷ್ಟೋ ವೇಳೆ ಇಂಗ್ಲಿಷು. ತಂದೆ ಟೊಮೆಟೊ ಬೆಳೆಯುವವನೋ ರೇಷ್ಮೆಹುಳು ಸಾಕುವವನೋ ಆಗಿರುತ್ತಾನೆ. ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದವರಲ್ಲಿ ಆ ಹುಡುಗಿಯೇ ಮೊದಲಿಗಳಾಗಿದ್ದರೆ ಆಶ್ಚರ್ಯವಿಲ್ಲ. ಬೆಂಗಳೂರಿನಲ್ಲಿ ಉಪಾಧ್ಯಾಯನು ಬಾರದಿದ್ದರೆ ಮನೆಪಾಠದವನಿದ್ದಾನೆ. ಶ್ರೀನಿವಾಸಪುರದ ಹಳ್ಳಿಯಿಂದ ಬರುವ ಹುಡುಗಿಗೆ ಕಾಲೇಜಿನ ಪಾಠವೊಂದೇ ಪಾಠ; ಅದು ನಿಂತರೆ ಅರ್ಥಶಾಸ್ತ್ರವೂ ನಿಂತಿತು.

ಇನ್ನು ಹಳೆಯ ಸಂಗತಿ. ಸರ್ಕಾರದ ಶಾಲೆಗಳು ಹುಟ್ಟುವುದಕ್ಕೆ ಮುಂಚೆ ನಮ್ಮ ಸೀಮೆಯ ಹಳ್ಳಿಗಳಲ್ಲಿದ್ದುದು ಕೂಲಿ ಮಠ. ಮರಳಿನ ಮೇಲೆ ಅಕ್ಷರ ತಿದ್ದಿಸುವ ಐಗಳಿಗೆ ಹುಡುಗರ ತಂದೆತಾಯಿಗಳೇ ಇಷ್ಟು ಕಾಸು, ಇಷ್ಟು ಧಾನ್ಯ ಎಂದು ಕೊಡುತ್ತಿದ್ದರು. ಮಹಾನವಮಿಯ ದಿನಗಳಲ್ಲಿ ಹುಡುಗರು ಚೌಪದ ಹಾಡುತ್ತ ಮನೆಮನೆಗೂ ಹೋಗಿ ಐಗಳಿಗೆ ಕಾಣಿಕೆ ಕೂಡಿಸುತ್ತಿದ್ದರು. ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆ ಮಠದ ಜಗುಲಿಯನ್ನು ಎಲ್ಲ ಜಾತಿಯ ಮಕ್ಕಳೂ ಹತ್ತುವಂತಿರಲಿಲ್ಲ. ಹೆಣ್ಣುಮಕ್ಕಳಂತೂ ಇಲ್ಲವೆಂದೇ ಹೇಳಬೇಕು. ಐಗಳ ಬೆತ್ತವೂ ಸಾಮಾನ್ಯವಾದುದಲ್ಲ. ಆದರೆ ಆ ಹೆಸರನ್ನು ತಾವು ಗಮನಿಸಬೇಕು. ಮಠ ಎಂಬ ಪೂಜ್ಯವಾದ ಮಾತಿನ ಪಕ್ಕದಲ್ಲಿಯೇ ಕೂಲಿ ಎಂಬ ಮಾತನ್ನು ಕೂರಿಸಲು ನಮ್ಮ ಹಿರಿಯರು ನಾಚಲಿಲ್ಲ. ಕಲಿಸುವವನು ದುಡಿಯುವವನು, ದುಡಿಯುವವನಿಗೆ ಕೂಲಿ ಸಲ್ಲಬೇಕು ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಎಷ್ಟು ಸಲ್ಲುತ್ತದೆಂಬುದೂ ಊರಿಗೆ ಗೊತ್ತಿತ್ತು. ೧೮೬೮ರಲ್ಲಿ ಲೂಯಿ ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂದ ಮೇಲೆ ಅಂಥ ಐಗಳಲ್ಲಿ ಎಷ್ಟೋ ಮಂದಿ ತರಬೇತು ಪಡೆದು ಸರ್ಕಾರದ ಸಂಬಳಗಾರರಾದರು. ಅಂದಿನಿಂದ ಉಪಾಧ್ಯಾಯನ ಸಂಬಳವು ಊರಿನ ವಿಷಯವಾಗಿರುವುದು ತಪ್ಪಿ ಕಚೇರಿಯ ವಿಷಯವಾಯಿತು.

ಈಗಿನ ಹೆಸರುಗಳನ್ನು ನೋಡೋಣ. ಉಪನ್ಯಾಸಕನು ಅತಿಥಿ, ಅವನಿಗೆ ಕೊಡುವುದು ಗೌರವಧನ. ತಿಥಿಯ ನಿಯಮವಿಲ್ಲದೆ ಬಂದು ಹೋಗುವವನು ಅತಿಥಿ ಎಂದು ಪಂಡಿತರು ಹೇಳುತ್ತಾರೆ. ನಮ್ಮ ಕಾಲೇಜುಗಳಲ್ಲಿ ಹದಿನೈದು ವರ್ಷಗಳಿಂದ ಇರುವ ಅತಿಥಿಗಳುಂಟು! ವರ್ಷಕ್ಕೊಮ್ಮೆ ಅವರು ಹೊಸದಾಗಿ ಅರ್ಜಿ ಹಾಕಬೇಕು. ಬೇಸಗೆಯ ರಜೆ ಬಂದೊಡನೆ ಗೌರವವೂ ನಿಲ್ಲುತ್ತದೆ, ಧನವೂ ನಿಲ್ಲುತ್ತದೆ. ಆ ರಜೆ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಯ ಕಾಲ. ಪಾಠ ಹೇಳುತ್ತಿದ್ದವರೊಬ್ಬರು ಮಂಡಿಯಲ್ಲಿ ಲೆಕ್ಕ ಬರೆಯಲು ಕುಳಿತುದನ್ನು ನಾನು ಬಲ್ಲೆ. ಲೆಕ್ಕ ಬರೆಯುವುದರಲ್ಲಿ ಅವಮಾನವೇನಿಲ್ಲ. ಮಂಡಿಯವನು ಅದನ್ನು ಕೂಲಿಯೆಂದೇ ಕರೆದು ವಾರ ವಾರಕ್ಕೆ ಎಣಿಸಿ ಕೊಡುತ್ತಾನೆ.

ಈಗ ಅಂಕಿಗಳು. ರೇಡಿಯೋದಲ್ಲಿ ಅಂಕಿಗಳನ್ನು ಹೇಳುವುದು ಶ್ರೋತೃಗಳಿಗೆ ಹಿತವಲ್ಲವೆಂದು ಬಲ್ಲೆನಾದರೂ ಇಲ್ಲಿ ಅವನ್ನು ಬಿಟ್ಟರೆ ಮಾತಿಗೆ ಬೆಲೆಯಿಲ್ಲ. ೨೦೨೧ರ ಕೊನೆಯವರೆಗೆ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ ಸಲ್ಲುತ್ತಿದ್ದುದು ಅರ್ಹತೆಗೆ ತಕ್ಕಂತೆ ೧೧,೦೦೦ ಅಥವಾ ೧೩,೦೦೦ ರೂಪಾಯಿ. ಮುಷ್ಕರವಾದ ಮೇಲೆ ೨೦೨೨ರ ಜನವರಿಯಲ್ಲಿ ಸರ್ಕಾರವು ಅದನ್ನು ೨೬,೦೦೦ದಿಂದ ೩೨,೦೦೦ದವರೆಗೆ ಏರಿಸಿತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬಂದುದು ಇಷ್ಟೇ. ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲಿತ್ತು: ವಾರಕ್ಕೆ ಎಂಟು ಹತ್ತು ಗಂಟೆಗಳಿದ್ದ ಪಾಠ ಇನ್ನು ಮುಂದೆ ಹದಿನೈದು ಗಂಟೆ. ವಾರಕ್ಕೆ ೧೨೦ ಗಂಟೆಗಳ ಪಾಠವಿರುವ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ತಲೆಗೆ ೮ ಗಂಟೆಯಂತೆ ೧೫ ಮಂದಿ. ೧೩,೦೦೦ ರೂಪಾಯಿಯಂತೆ ತಿಂಗಳ ವೆಚ್ಚ ೧,೯೫,೦೦೦. ತಲೆಗೆ ೧೫ ಗಂಟೆಯಾದರೆ ೮ ಮಂದಿಯೇ ಸಾಕು. ೩೨,೦೦೦ದಂತೆ ವೆಚ್ಚ ೨,೫೬,೦೦೦. ಗೌರವಧನ ಸುಮಾರು ಎರಡೂವರೆ ಪಟ್ಟಾಯಿತೆಂಬ ಮಾತು ಸುಳ್ಳಲ್ಲ. ಬೊಕ್ಕಸಕ್ಕೆ ಬಿದ್ದ ಹೆಚ್ಚಿನ ಹೊರೆ ಮೂರನೆಯ ಒಂದು ಪಾಲಿಗೂ ಕಡಿಮೆಯೆಂಬುದೂ ಸುಳ್ಳಲ್ಲ. ಉಳಿದುದನ್ನು ತುಂಬಿಕೊಟ್ಟವರು ಮನೆಗೆ ಹೋದ ಆ ಏಳು ಮಂದಿ. ಒಂದು ವಿಷಯಕ್ಕೆ ಹದಿನೈದು ಗಂಟೆಗಳ ಪಾಠವೇ ಇಲ್ಲದ ಸಣ್ಣ ಊರಿನ ಕಾಲೇಜಿನಲ್ಲಿ ಈ ನಿಯಮ ಇನ್ನೂ ಬಿಗಿಯಾಗಿ ಕಟ್ಟುತ್ತದೆ.

ಹದಿನೈದು ಗಂಟೆ ಅನ್ಯಾಯವೆಂದು ನಾನು ಹೇಳುವುದಿಲ್ಲ. ಕಾಯಂ ಸಹಾಯಕ ಪ್ರಾಧ್ಯಾಪಕನಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ವಿಧಿಸಿರುವುದು ಹದಿನಾರು ಗಂಟೆ. ಅವನು ಸೇರುವಾಗಿನ ಮೂಲವೇತನವೇ ೫೭,೭೦೦; ಅದರ ಮೇಲೆ ಭತ್ಯೆಗಳು. ಗಂಟೆಯಲ್ಲಿ ಒಂದರ ವ್ಯತ್ಯಾಸ, ಹಣದಲ್ಲಿ ಅರ್ಧಕ್ಕಿಂತ ಹೆಚ್ಚಿನ ವ್ಯತ್ಯಾಸ. ಅದೇ ಆಯೋಗವು ೨೦೧೯ರಲ್ಲಿ ಅತಿಥಿ ಅಧ್ಯಾಪಕನಿಗೆ ಒಂದು ಪಾಠಕ್ಕೆ ೧,೫೦೦ ರೂಪಾಯಿಯಂತೆ ತಿಂಗಳಿಗೆ ೫೦,೦೦೦ದವರೆಗೆ ಕೊಡಬಹುದೆಂದು ಸೂಚಿಸಿತ್ತು. ಎರಡನೆಯ ಮುಷ್ಕರದ ಫಲವಾಗಿ ೨೦೨೪ರ ಜನವರಿಯಲ್ಲಿ ಸೇವೆಯ ವರ್ಷಗಳನ್ನು ನೋಡಿ ೫,೦೦೦ದಿಂದ ೮,೦೦೦ದವರೆಗೆ ಹೆಚ್ಚಳ ಸಿಕ್ಕಿತು. ಆದರೂ ಆ ಸೂಚನೆಯ ಗೆರೆಯನ್ನು ಮುಟ್ಟಲಿಲ್ಲ.

ಇದೇ ಜಿಲ್ಲೆಯ ಇನ್ನೊಂದು ಘಟನೆ ತಮಗೆ ನೆನಪಿರಬಹುದು. ೨೦೨೦ರ ಡಿಸೆಂಬರ್ ೧೨ರಂದು ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ವಿಸ್ಟ್ರಾನ್ ಸಂಸ್ಥೆಯ ಕಾರ್ಖಾನೆಯ ಕೆಲಸಗಾರರು ಸಂಬಳ ಸರಿಯಾಗಿ ಬರಲಿಲ್ಲವೆಂದು ರೊಚ್ಚಿಗೆದ್ದು ಗಾಜುಗಳನ್ನೂ ವಾಹನಗಳನ್ನೂ ಒಡೆದರು. ಇಂಜಿನಿಯರಿಂಗ್ ಓದಿದವರಿಗೆ ೨೧,೦೦೦ ಎಂದು ಹೇಳಿ, ಅದನ್ನು ೧೬,೦೦೦ಕ್ಕೂ ಅನಂತರ ೧೨,೦೦೦ಕ್ಕೂ ಇಳಿಸಿದರೆಂದು ಆಗಿನ ಪತ್ರಿಕೆಗಳು ಬರೆದುವು. ಒಡೆದುದು ತಪ್ಪೆಂದು ಎಲ್ಲರೂ ಹೇಳಿದರು, ಸರಿಯಾದ ಮಾತು. ಹನ್ನೆರಡು ಸಾವಿರದಲ್ಲಿ ಓದಿದ ತರುಣನು ಹೇಗೆ ಬದುಕಬೇಕೆಂದೂ ಅನೇಕರು ಕೇಳಿದರು, ಅದೂ ಸರಿ. ಆ ತಿಂಗಳು ಅದೇ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಅಂಥ ತರುಣರಿಗೆ ಪಾಠ ಹೇಳುವವನ ಗೌರವಧನ ಎಷ್ಟಿತ್ತೆಂದು ಮಾತ್ರ ಯಾರೂ ಕೇಳಲಿಲ್ಲ. ಅವನು ಗಾಜು ಒಡೆದಿರಲಿಲ್ಲ.

ಕಾರ್ಖಾನೆಯ ಕೆಲಸಗಾರನಿಗೂ ಉಪಾಧ್ಯಾಯನಿಗೂ ಕಾನೂನಿನಲ್ಲಿಯೂ ಭೇದವುಂಟು; ಅದರಲ್ಲಿ ಒಂದು ಸ್ವಾರಸ್ಯವೂ ಉಂಟು. ಬೆಂಗಳೂರು ನೀರು ಸರಬರಾಜು ಮಂಡಲಿಯ ಮೊಕದ್ದಮೆಯಲ್ಲಿ ೧೯೭೮ರಲ್ಲಿ ಸುಪ್ರೀಂ ಕೋರ್ಟು ವಿದ್ಯಾಸಂಸ್ಥೆಯೂ ಒಂದು ಉದ್ಯಮವೇ ಎಂದಿತು. ಹತ್ತು ವರ್ಷಗಳಾದ ಮೇಲೆ, ೧೯೮೮ರಲ್ಲಿ, ಗೋವೆಯ ಉಪಾಧ್ಯಾಯಿನಿಯೊಬ್ಬರ ಮೊಕದ್ದಮೆಯಲ್ಲಿ ಉಪಾಧ್ಯಾಯರು ಕೈಗಾರಿಕಾ ವಿವಾದ ಕಾಯಿದೆ ಹೇಳುವ ಕೆಲಸಗಾರರಲ್ಲವೆಂದು ತೀರ್ಪಾಯಿತು. ಅಂತೂ ಶಾಲೆ ಉದ್ಯಮವಾಯಿತು. ಅಲ್ಲಿ ದುಡಿಯುವವನು ಮಾತ್ರ ಕೆಲಸಗಾರನಾಗಲಿಲ್ಲ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದು ೨೦೦೩ರಲ್ಲಿ ತಮಿಳುನಾಡಿನ ಮೊಕದ್ದಮೆಯಲ್ಲಿ ಅದೇ ಕೋರ್ಟು ಹೇಳಿತು. ಕೋಲಾರದ ಚಿನ್ನದ ಗಣಿಗಳಲ್ಲಿ ಸಾವಿರಾರು ಕೂಲಿಗಾರರು ೧೯೩೦ರಲ್ಲಿಯೇ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಕೆಲಸ ನಿಲ್ಲಿಸಿದ್ದರು. ಅವರು ನಿಂತರೆ ಚಿನ್ನ ನಿಲ್ಲುತ್ತಿತ್ತು, ಚಿನ್ನ ನಿಂತರೆ ಲಂಡನ್ನಿಗೆ ಕೇಳಿಸುತ್ತಿತ್ತು. ಮುಳಬಾಗಿಲಿನಲ್ಲಿ ಪಾಠ ನಿಂತರೆ ಬೆಂಗಳೂರಿಗೂ ಕೇಳಿಸುವುದಿಲ್ಲ. ಇನ್ನು ರಾಜೀನಾಮೆಯ ದಾರಿಯೊಂದುಂಟು. ಮಾಲೂರು ಸೀಮೆಯವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮಗೆ ಸಲ್ಲತಕ್ಕ ಹುದ್ದೆ ಸಲ್ಲಲಿಲ್ಲವೆಂದು ೧೯೪೩ರಲ್ಲಿ ಸಂಸ್ಥಾನದ ಸೇವೆಯನ್ನು ಬಿಟ್ಟರು. ಅದಕ್ಕೆ ಬಿಡಲು ಒಂದು ಹುದ್ದೆಯಿರಬೇಕು. ಅತಿಥಿಯು ಯಾವುದಕ್ಕೆ ರಾಜೀನಾಮೆ ಕೊಡಬೇಕು?

ಹಾಗಾದರೆ ಮುಷ್ಕರ ಸರಿಯೇ ಎಂದು ತಾವು ಕೇಳಬಹುದು. ನನ್ನ ಅಭಿಪ್ರಾಯವನ್ನು ಮರೆಮಾಚದೆ ಹೇಳುತ್ತೇನೆ. ಉತ್ತರಪತ್ರಿಕೆಗಳನ್ನು ಮುಟ್ಟದಿರುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಒತ್ತೆಯಿಡುವುದು ನಮ್ಮ ಶ್ರಮವನ್ನಲ್ಲ, ಹುಡುಗರ ಒಂದು ವರ್ಷವನ್ನು. ತರಗತಿಯನ್ನು ಬಿಡುವುದು ಅದಕ್ಕಿಂತ ಬೇರೆ. ಬಿಟ್ಟ ಪಾಠವನ್ನು ಭಾನುವಾರಗಳಲ್ಲಿಯಾದರೂ ತುಂಬಿಕೊಡಬಹುದು. ಆದರೆ ನವೆಂಬರಿನಿಂದ ಜನವರಿಯವರೆಗೆ ಬಿಟ್ಟುದನ್ನು ಯಾವ ಭಾನುವಾರವೂ ತುಂಬಲಾರದು. ಅದರ ನಷ್ಟ ನಾನು ಮೊದಲು ಹೇಳಿದ ಶ್ರೀನಿವಾಸಪುರದ ಹುಡುಗಿಗೆ. ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ಹುದ್ದೆಯನ್ನು ವರ್ಷಗಟ್ಟಲೆ ತುಂಬದೆ ಖಾಲಿ ಬಿಡುವುದೂ ಪಾಠವನ್ನು ನಿಲ್ಲಿಸುವ ಒಂದು ವಿಧಾನವೇ. ಅದಕ್ಕೆ ಘೋಷಣೆಯಿಲ್ಲ, ಶಾಮಿಯಾನವಿಲ್ಲ. ಆದ್ದರಿಂದ ಅದನ್ನು ಯಾರೂ ಮುಷ್ಕರವೆನ್ನುವುದಿಲ್ಲ. ಅತಿಥಿಯು ಆ ಖಾಲಿ ಕುರ್ಚಿಯಲ್ಲಿ ಕುಳಿತು ನಮಗೆಲ್ಲ ಅದು ಕಾಣದಂತೆ ಮಾಡಿದ್ದಾನೆ. ಅವನು ಎದ್ದಾಗ ಮಾತ್ರ ಕುರ್ಚಿ ಖಾಲಿಯೆಂದು ತಿಳಿಯಿತು.

ಇಂಥ ಕಷ್ಟ ನಮಗೊಬ್ಬರಿಗೇ ಬಂದುದಲ್ಲ. ಇಂಗ್ಲೆಂಡಿನಲ್ಲಿ ಹೆರಿಫರ್ಡ್‌ಷೈರ್ ಎಂಬ ಬೇಸಾಯದ ಸೀಮೆಯುಂಟು. ಅಲ್ಲಿ ಉಪಾಧ್ಯಾಯರಿಗೆ ವೇತನದ ನಿಶ್ಚಿತವಾದ ಶ್ರೇಣಿಯೇ ಇರಲಿಲ್ಲ. ೧೯೧೪ರಲ್ಲಿ ಅವರು ಒಟ್ಟಾಗಿ ಕೆಲಸ ಬಿಟ್ಟರು. ಹಲವಾರು ಶಾಲೆಗಳು ಮುಚ್ಚಿದುವು. ಅವರೂ ಗುರುಗಳೇ; ಅಲ್ಲಿಯೂ ಗೊಣಗಿದವರಿದ್ದರು. ೧೯೧೯ರಲ್ಲಿ ಬರ್ನ್‌ಹ್ಯಾಂ ಸಮಿತಿಯೆಂಬುದು ಏರ್ಪಟ್ಟು, ಉಪಾಧ್ಯಾಯರ ಪ್ರತಿನಿಧಿಗಳೂ ಶಾಲೆ ನಡೆಸುವ ಅಧಿಕಾರಿಗಳೂ ಒಂದೇ ಮೇಜಿನ ಸುತ್ತ ಕುಳಿತು ಸಂಬಳವನ್ನು ಗೊತ್ತುಮಾಡುವ ಪದ್ಧತಿ ಬಂದಿತು. ಅದರಿಂದ ಮುಷ್ಕರಗಳು ಪೂರ್ತಿಯಾಗಿ ನಿಂತುಹೋದುವೆಂದಲ್ಲ. ಆದರೂ ೧೯೮೭ರಲ್ಲಿ ರದ್ದಾಗುವವರೆಗೆ, ಸುಮಾರು ಏಳು ದಶಕಗಳ ಕಾಲ, ಮಾತು ಆಡುವುದಕ್ಕೆ ಒಂದು ಸ್ಥಳವಿತ್ತು. ನಮ್ಮಲ್ಲಿ ಆ ಸ್ಥಳ ಬೆಂಗಳೂರಿನ ಫ್ರೀಡಂ ಪಾರ್ಕು. ಅದೂ ಒಂದು ಕಾಲದ ಸೆರೆಮನೆ.

ಸರ್ಕಾರದವರು ಹೇಳುವ ಒಂದು ಸಮಾಧಾನವನ್ನು ಇಲ್ಲಿ ನ್ಯಾಯವಾಗಿ ಎಣಿಸಬೇಕು. ತಾತ್ಕಾಲಿಕ ನೌಕರರನ್ನು ಹಾಗೆಯೇ ಕಾಯಂ ಮಾಡಬಾರದೆಂದು ೨೦೦೬ರಲ್ಲಿ ಉಮಾದೇವಿ ಮೊಕದ್ದಮೆಯಲ್ಲಿ ತೀರ್ಪಾಗಿದೆ. ಅದು ಕರ್ನಾಟಕದಿಂದಲೇ ಹೋದ ಮೊಕದ್ದಮೆ. ಸ್ಪರ್ಧೆಯಿಲ್ಲದೆ ಹಿಂಬಾಗಿಲಿನಿಂದ ಸೇರಿಸಿದರೆ ಹೊರಗೆ ಕಾದಿರುವ ಬಡ ಪದವೀಧರನಿಗೆ ಅನ್ಯಾಯವಾಗುತ್ತದೆಂಬುದು ಅದರ ತಿರುಳು. ಆ ತಿರುಳನ್ನು ನಾನು ಒಪ್ಪುತ್ತೇನೆ. ಆದರೆ ೨೦೨೪ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಆ ತೀರ್ಪನ್ನು ಬಹುಕಾಲ ದುಡಿದವರ ಮೇಲೆ ಆಯುಧವಾಗಿ ಬೀಸಬಾರದೆಂದಿತು. ೨೦೨೫ರ ಆಗಸ್ಟಿನಲ್ಲಿ ಗುಜರಾತಿನ ಒಪ್ಪಂದದ ಅಧ್ಯಾಪಕರ ಮೊಕದ್ದಮೆಯಲ್ಲಿ, ಸಭೆಗಳಲ್ಲಿ ಗುರುವನ್ನು ದೇವರೆಂದು ಹೊಗಳಿದರೆ ಸಾಲದು, ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಎಂಬ ಅರ್ಥದ ಮಾತನ್ನೂ ಆಡಿತು. ಅವರಿಗೆ ಬರುತ್ತಿದ್ದುದು ತಿಂಗಳಿಗೆ ೩೦,೦೦೦.

ಕಾಯಂ ಮಾಡುವ ಪ್ರಶ್ನೆ ಬಗೆಹರಿಯಲು ಕಾಲ ಹಿಡಿದೀತು. ಅದಕ್ಕೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಹನ್ನೆರಡು ತಿಂಗಳ ಕೆಲಸಕ್ಕೆ ಸಿದ್ಧನಾಗಿರುವವನಿಗೆ ಹನ್ನೆರಡು ತಿಂಗಳೂ ಸಲ್ಲಲಿ. ಗೌರವಧನವೆಂಬ ಹೆಸರನ್ನು ತೆಗೆದು ವೇತನವೆಂದು ಬರೆಯಲಿ. ವೇತನಕ್ಕಾದರೆ ದಿನಾಂಕವುಂಟು, ಬಾಕಿಯುಂಟು, ಕೇಳುವ ಬಾಯುಂಟು. ಪ್ರತಿ ಕಾಲೇಜಿನ ಸೂಚನಾಫಲಕದ ಮೇಲೆ ಎಷ್ಟು ಹುದ್ದೆಗಳಿವೆ, ಎಷ್ಟು ಖಾಲಿ, ಯಾರಿಗೆ ಯಾವ ತಿಂಗಳವರೆಗೆ ಸಂದಿದೆ ಎಂಬುದನ್ನು ಮುಳಬಾಗಿಲಿನ ರೈತನೂ ಓದುವಂತೆ ಕನ್ನಡದಲ್ಲಿ ಬರೆದು ಹಾಕಲಿ. ಮಾತುಕತೆ ನಡೆಯುವುದಾದರೆ ಪರೀಕ್ಷೆ ಹತ್ತಿರವಾದಾಗ ಬೇಡ. ಹುಡುಗರು ಸೇರುವುದಕ್ಕೆ ಮುಂಚೆ, ಮಾವಿನ ಸುಗ್ಗಿ ಮುಗಿಯುವುದರೊಳಗೆ, ಬೇಸಗೆಯಲ್ಲಿ ಕಾಲೇಜಿನ ಬಾಗಿಲು ಮುಚ್ಚಿರುವಾಗಲೇ ನಡೆಯಲಿ. ಆಗ ಯಾರು ಎಷ್ಟು ಹೊತ್ತು ಹಟ ಹಿಡಿದರೂ ಯಾವ ಹುಡುಗಿಯ ಪಾಠವೂ ನಿಲ್ಲುವುದಿಲ್ಲ.