ನಮ್ಮೂರ ಗ್ರಂಥಾಲಯಕ್ಕೆ ನನ್ನ ಒಂದು ಓಟು

(ಪದವಿ ಪ್ರದಾನ ಸಮಾರಂಭದಲ್ಲಿ ಪೋಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ವೇದಿಕೆಯ ಮೇಲಿರುವ ಶಿಕ್ಷಕರೇ, ವಾರವಿಡೀ ದುಡಿದು ಶನಿವಾರದ ನಿದ್ದೆಯನ್ನೂ ಕನ್ನಡಕ್ಕೆ ಕೊಟ್ಟ ಸ್ವಯಂಸೇವಕರೇ, ಊರಿನಿಂದ ಬಂದಿರುವ ಅಜ್ಜ ಅಜ್ಜಿಯರೇ, ನನ್ನ ಹಾಗೆ ಕಾರಿನಲ್ಲಿ ಕೂತು ಕಾಫಿ ಕುಡಿಯುತ್ತಾ ತರಗತಿ ಮುಗಿಯುವುದನ್ನೇ ಕಾದ ಅಪ್ಪ ಅಮ್ಮಂದಿರೇ, ಮತ್ತು ಇವತ್ತಿನ ನಿಜವಾದ ಮುಖ್ಯ ಅತಿಥಿಗಳಾದ ಪದವೀಧರ ಮಕ್ಕಳೇ,

ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಹತ್ತೇ ನಿಮಿಷ ಎಂದು ನನ್ನ ಮಗಳು ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದಾಳೆ. ಅವಳೂ ನಿಮ್ಮ ಸಾಲಿನಲ್ಲೇ ಕೂತಿದ್ದಾಳೆ. ಹಾಗಾಗಿ ಒಂದೇ ಒಂದು ವಿಷಯ ಹೇಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪೂ ಇದೆ.

ನಿಮಗೆ ಹಳೆಯ ಗ್ರಂಥಾಲಯದ ಹಿಂದಿನ ಕೋಣೆ ನೆನಪಿದೆಯಲ್ಲ? ನೀವು ಮೊದಲ ಸಲ ಅ ಆ ಇ ಈ ತಿದ್ದಿದ್ದು ಅಲ್ಲೇ. ಮಳೆ ಬಂದರೆ ಮೂಲೆಯಲ್ಲಿ ಬಕೆಟ್ ಇಡುತ್ತಿದ್ದರು. ಹನಿ ಬೀಳುವ ತಾಳಕ್ಕೆ ಸರಿಯಾಗಿ ನೀವು ಕಾಗುಣಿತ ಹೇಳುತ್ತಿದ್ದಿರಿ. ಬಾಡಿಗೆ ಇಲ್ಲದೆ ನಮಗೆ ಜಾಗ ಕೊಟ್ಟ ಮೊದಲ ಕಟ್ಟಡ ಅದು. ಆ ಕಟ್ಟಡಕ್ಕೆ ವಯಸ್ಸಾಗಿದೆ, ಹೊಸದು ಕಟ್ಟಬೇಕು ಎಂದು ಸಿಟಿಯವರು ಹೇಳಿದಾಗ ನಮಗೆಲ್ಲ ಖುಷಿಯಾಯಿತು. ಕಟ್ಟುತ್ತಾರೆ ಬಿಡಿ ಎಂದುಕೊಂಡೆವು. ಆ 'ಕಟ್ಟುತ್ತಾರೆ' ಎನ್ನುವ ಮಾತಿನಲ್ಲೇ ನಮ್ಮ ತಪ್ಪು ಇತ್ತು.

ಕಟ್ಟುವವರು ಯಾರು? ಕ್ಯಾಲಿಫೋರ್ನಿಯಾದಲ್ಲಿ ಊರಿಗೊಂದು ಗ್ರಂಥಾಲಯ ಕಟ್ಟಲು ಸಿಟಿ ಬಾಂಡ್ ಮೂಲಕ ಸಾಲ ಎತ್ತಬೇಕಾದರೆ ಊರಿನ ಮತದಾರರ ಒಪ್ಪಿಗೆ ಬೇಕು. ಅರ್ಧಕ್ಕಿಂತ ಒಂದು ಓಟು ಹೆಚ್ಚು ಬಂದರೆ ಸಾಲದು, ಮೂರರಲ್ಲಿ ಎರಡು ಪಾಲು ಬರಬೇಕು. ಶಾಲೆಗಳ ಬಾಂಡಿಗೆ 2000ನೇ ಇಸವಿಯಲ್ಲಿ ಇದನ್ನು ಶೇಕಡಾ 55ಕ್ಕೆ ಇಳಿಸಿದರು, ಗ್ರಂಥಾಲಯಕ್ಕೆ ಇಳಿಸಲಿಲ್ಲ. 2024ರಲ್ಲಿ ಇಳಿಸುವ ಪ್ರಸ್ತಾಪವೊಂದು ಬಂತು, ರಾಜ್ಯದ ಜನ ಅದನ್ನು ತಿರಸ್ಕರಿಸಿದರು.

ನೀವು ಮಿಡಲ್ ಸ್ಕೂಲಿನಲ್ಲಿದ್ದಾಗ ಮೊದಲ ಸಲ ಮತದಾನ ನಡೆಯಿತು. ಬಾಂಡ್ ಬಿದ್ದುಹೋಯಿತು. ಬೇಕು ಎಂದವರು ನೂರಕ್ಕೆ ಅರವತ್ತರ ಮೇಲಿದ್ದರು, ಆದರೂ ಬಿತ್ತು. ಫೋನಿನಲ್ಲಿ ತಿಪಟೂರಿನ ನನ್ನ ಅಪ್ಪನಿಗೆ ಹೇಳಿದೆ. "ಅದೇನೋ, ಅರವತ್ತರ ಮೇಲೆ ಬಂದರೆ ಫಸ್ಟ್ ಕ್ಲಾಸು, ನಿಮ್ಮಲ್ಲಿ ಫೇಲಾ?" ಎಂದರು. ನಾನು ನಕ್ಕೆ. ಆಮೇಲೆ ಅವರು ಕೇಳಿದರು, "ನೀನು ಓಟು ಹಾಕಿದೆಯಾ?"

ಹಾಕಿರಲಿಲ್ಲ.

ನಾನು ಈ ದೇಶದ ಪ್ರಜೆಯಾಗಿ ಆಗಲೇ ಕೆಲವು ವರ್ಷ ಆಗಿತ್ತು. ಬ್ಯಾಲೆಟ್ ಮನೆಗೇ ಬರುತ್ತದೆ, ತುಂಬಿಸಿ, ಲಕೋಟೆಯ ಮೇಲೆ ಸಹಿ ಹಾಕಿ, ಪೋಸ್ಟ್ ಡಬ್ಬಿಗೆ ಹಾಕಿದರಾಯಿತು. ಅಂಚೆಚೀಟಿ ಕೂಡ ಬೇಡ. ಅದು ಒಂದು ತಿಂಗಳು ನಮ್ಮ ಫ್ರಿಜ್ ಮೇಲೆ ಆಯಸ್ಕಾಂತದ ಕೆಳಗೆ ನೇತಾಡಿತು. ಅಂಗಳದಲ್ಲಿ 'ಗ್ರಂಥಾಲಯಕ್ಕೆ ಹೌದು ಎನ್ನಿ' ಎಂಬ ಫಲಕ ನೆಟ್ಟಿದ್ದೆ. ಆ ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಸ್ನೇಹಿತರಿಗೆಲ್ಲ ಕಳಿಸಿದ್ದೆ. ಓಟು ಮಾತ್ರ ಹಾಕಿರಲಿಲ್ಲ. ನನ್ನ ಒಂದು ಓಟಿನಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ, ನಿಜ. ಆದರೆ ಆಮೇಲೆ ವಿಚಾರಿಸಿದಾಗ, ನಮ್ಮ ಪೋಷಕರ ಗುಂಪಿನಲ್ಲೇ ಎಷ್ಟೊಂದು ಫ್ರಿಜ್‌ಗಳ ಮೇಲೆ ಎಷ್ಟೊಂದು ಲಕೋಟೆಗಳು ಉಳಿದಿದ್ದವು ಎಂದು ಗೊತ್ತಾಯಿತು.

ಅಪ್ಪ ಬೈಯಲಿಲ್ಲ. ಒಳಗೆ ಹೋಗಿ ಮನೆ ಕಂದಾಯದ ರಸೀದಿ ತಂದು ಓದಿದರು. ಅದರಲ್ಲೊಂದು ಸಾಲು, 'ಗ್ರಂಥಾಲಯ ಕರ'. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಸೇರಿ ಬರುವ ಕರ ಅದು. ಈಗ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. ನಾನು ಚಿಕ್ಕವನಿದ್ದಾಗ ತಿಪಟೂರಿನ ಗ್ರಂಥಾಲಯದಲ್ಲಿ ಇಳಿಜಾರು ಮೇಜಿನ ಮೇಲೆ ಪೇಪರ್ ಹರಡಿಕೊಂಡು, ನಿಂತುಕೊಂಡೇ ಓದಿದ್ದೇನೆ. ಅದು ಸರ್ಕಾರದ್ದು, ಪುಕ್ಕಟೆ ಎಂದೇ ಅಂದುಕೊಂಡಿದ್ದೆ. ಅಪ್ಪ ಹೇಳಿದರು, "ಪುಕ್ಕಟೆ ಯಾವುದೂ ಇಲ್ಲ ಕಣೋ. ನೀನು ಓದಿದ್ದನ್ನ ಊರಿನವರೆಲ್ಲ ಸೇರಿ ಕಟ್ಟಿದ್ದು."

ಮಕ್ಕಳೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ದೇಶದಲ್ಲೂ ಕಥೆ ಬೇರೆಯಲ್ಲ. 1833ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಪೀಟರ್‌ಬರೋ ಎಂಬ ಸಣ್ಣ ಊರಿನ ಜನ ಸಭೆ ಸೇರಿ, ಊರಿನ ತೆರಿಗೆ ಹಣದಿಂದಲೇ ಎಲ್ಲರಿಗೂ ಒಂದು ಗ್ರಂಥಾಲಯ ನಡೆಸೋಣ ಎಂದು ತೀರ್ಮಾನಿಸಿದರು. ಮುಂದೆ ಆಂಡ್ರ್ಯೂ ಕಾರ್ನೆಗಿ ಅಮೆರಿಕದಲ್ಲಿ 1,600ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಹಣ ಕೊಟ್ಟ. ಅಷ್ಟು ದೊಡ್ಡ ಸಿರಿವಂತ ಕೂಡ ಸುಮ್ಮನೆ ಕೊಡಲಿಲ್ಲ. ಜಾಗ ಊರಿನವರು ಕೊಡಬೇಕು, ಪ್ರತಿ ವರ್ಷ ತನ್ನ ದೇಣಿಗೆಯ ಹತ್ತನೇ ಒಂದು ಭಾಗವನ್ನು ಊರೇ ನಿರ್ವಹಣೆಗೆ ಎತ್ತಿಡಬೇಕು ಎಂದು ಷರತ್ತು ಹಾಕಿದ. ಕಟ್ಟಡವನ್ನು ಯಾರಾದರೂ ಕೊಡಬಹುದು, ಬಾಗಿಲು ತೆರೆದಿಡುವುದು ಊರಿನವರ ಕೆಲಸ ಎಂದು ಅವನಿಗೆ ಗೊತ್ತಿತ್ತು.

ಎರಡನೇ ಸಲಕ್ಕೆ ನಾವು ಕೆಲವರು ಸೇರಿದೆವು. ಶಾಲೆಯ ಹೆಸರಿನಲ್ಲಲ್ಲ, ಊರಿನ ನಿವಾಸಿಗಳಾಗಿ. ಮೊದಲು ಗ್ರಂಥಪಾಲಕಿಯ ಬಳಿ ಹೋಗಿ, "ನೀವೇ ಬಂದು ನಮ್ಮ ಜನಕ್ಕೆ ಹೌದು ಎಂದು ಓಟು ಹಾಕಲು ಹೇಳಿ" ಎಂದು ಕೇಳಿದೆವು. ಆಕೆ ತಲೆಯಾಡಿಸಿದರು. ಸರ್ಕಾರಿ ಹಣ, ಸರ್ಕಾರಿ ಸಮಯ ಬಳಸಿ ಯಾವ ಕಡೆಗೂ ಪ್ರಚಾರ ಮಾಡುವಂತಿಲ್ಲ, ಮಾಹಿತಿ ಮಾತ್ರ ಕೊಡಬಹುದು. "ಕಟ್ಟಡದ ಸ್ಥಿತಿ ಹೇಳುತ್ತೇನೆ, ಲೆಕ್ಕ ತೋರಿಸುತ್ತೇನೆ. ಬೇಕು ಎನ್ನುವ ಮಾತನ್ನು ನೀವೇ ಹೇಳಬೇಕು" ಎಂದರು. ಯಾರಿಗೆ ಗ್ರಂಥಾಲಯದ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತೋ ಅವರು ಬಾಯಿ ಬಿಡುವಂತಿಲ್ಲ. ನಾವು ಬಿಡಲೇಬೇಕಿತ್ತು.

ಮನೆ ಮನೆಗೆ ಹೋದೆವು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಮೊದಲ ಸಲ ಅವರ ಮುಂದೆ ನಾನು ಪುಸ್ತಕದ ಮಹಿಮೆ ಕೊರೆದಿದ್ದೆ. ಅವರು ಶಾಂತವಾಗಿ ಹೇಳಿದ್ದರು, "ನೀವು ಕೆಲಸ ಬದಲಾದರೆ ಮನೆ ಮಾರಿ ಹೋಗುತ್ತೀರಿ. ಪಿಂಚಣಿಯಲ್ಲಿ ತೆರಿಗೆ ಕಟ್ಟುತ್ತಾ ಇರುವವನು ನಾನು." ನನ್ನ ಬಳಿ ಉತ್ತರ ಇರಲಿಲ್ಲ. ಸ್ವಲ್ಪ ಕೋಪವೂ ಬಂದಿತ್ತು.

ಎರಡನೇ ಸಲ ಮಾತು ಕಡಿಮೆ ಮಾಡಿ ಕೇಳಿಸಿಕೊಂಡೆ. ಅವರ ಭಯ ಪುಸ್ತಕದ ಬಗ್ಗೆ ಅಲ್ಲ, ಬಿಲ್ಲಿನ ಬಗ್ಗೆ. ಬಾಂಡಿನ ಕಂತು ಮನೆಯ ಮಾರುಕಟ್ಟೆ ಬೆಲೆಯ ಮೇಲೆ ಬರುವುದಿಲ್ಲ, ತೆರಿಗೆ ದಾಖಲೆಯಲ್ಲಿರುವ ಮೌಲ್ಯದ ಮೇಲೆ ಬರುತ್ತದೆ. 1978ರಿಂದ ಇಲ್ಲಿ ಆ ಮೌಲ್ಯ ವರ್ಷಕ್ಕೆ ಶೇಕಡಾ ಎರಡಕ್ಕಿಂತ ಹೆಚ್ಚು ಏರುವಂತಿಲ್ಲ. ದಶಕಗಳ ಹಿಂದೆ ಮನೆ ಕೊಂಡ ಅವರ ಪಾಲು, ಈಚೆಗೆ ಕೊಂಡ ನಮ್ಮ ಪಾಲಿಗಿಂತ ಎಷ್ಟೋ ಕಡಿಮೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಬಿಲ್ಲನ್ನು ಅವರ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಆಮೇಲೆ ಅವರು ಕೇಳಿದ್ದು ಇನ್ನೂ ಒಳ್ಳೆಯ ಪ್ರಶ್ನೆ. "ಕಟ್ಟಡ ಸರಿ, ಸಿಬ್ಬಂದಿಗೆ ಸಂಬಳ ಎಲ್ಲಿಂದ?" ಬಾಂಡಿನ ಹಣ ಕಟ್ಟಡಕ್ಕೆ ಮಾತ್ರ, ಸಂಬಳಕ್ಕೆ ಬಳಸುವಂತಿಲ್ಲ. ನಾನು ಆ ಪ್ರಶ್ನೆಯನ್ನು ಹಾಗೇ ಸಿಟಿ ಕೌನ್ಸಿಲ್ ಸಭೆಗೆ ಒಯ್ದೆ. ಅವರು ವರ್ಷದ ಖರ್ಚಿನ ಯೋಜನೆಯನ್ನು ಬರೆದು ಮುಂದಿಟ್ಟರು. ನಮ್ಮನ್ನು ವಿರೋಧಿಸುತ್ತಾರೆ ಎಂದುಕೊಂಡಿದ್ದವರೇ ನಮ್ಮ ಕೆಲಸವನ್ನು ಗಟ್ಟಿ ಮಾಡಿದರು. ಅವರು ಯಾವ ಕಡೆ ಓಟು ಹಾಕಿದರು ಎಂದು ನಾನು ಇವತ್ತಿಗೂ ಕೇಳಿಲ್ಲ.

ಇನ್ನು ನಮ್ಮವರು. "ನಮಗೆ ಓಟೇ ಇಲ್ಲವಲ್ಲ, ವೀಸಾದಲ್ಲಿ ಇದ್ದೇವೆ" ಎಂದರು ಅನೇಕರು. ಸರಿ, ಓಟು ಇಲ್ಲ.  ಆದರೆ ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಮಾತಾಡಲು ಪೌರತ್ವ ಕೇಳುವುದಿಲ್ಲ. ಆ ಸಂಜೆ ಮೈಕಿನ ಮುಂದೆ ಬಂದವರಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ಹಾಸನದಿಂದ ಬಂದಿದ್ದ ಒಬ್ಬ ಅಜ್ಜಿಯೂ ಇದ್ದರು. ಅವರು ಕನ್ನಡದಲ್ಲೇ ಮಾತಾಡಿದರು. ಈ ಸಾಲಿನಲ್ಲಿ ಕೂತಿರುವ ನಿಮ್ಮಲ್ಲೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸಿದಿರಿ. ಅಜ್ಜಿ ಹೇಳಿದ್ದು ಇಷ್ಟೇ: "ಹಗಲು ಹೊತ್ತು ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋಗುತ್ತಾರೆ. ನಡೆದುಕೊಂಡು ಹೋಗಿ, ದುಡ್ಡು ಕೊಡದೆ, ಯಾಕೆ ಬಂದೆ ಎಂದು ಯಾರೂ ಕೇಳದೆ ಕೂರಬಹುದಾದ ಜಾಗ ಈ ಊರಲ್ಲಿ ನನಗೆ ಅದೊಂದೇ." ಸಭೆ ಒಂದು ಕ್ಷಣ ಸುಮ್ಮನಾಯಿತು. ಶನಿವಾರ ಶನಿವಾರ ಕನ್ನಡ ಕಲಿತು ಏನು ಉಪಯೋಗ ಎಂದು ಕೇಳುವವರಿಗೆ ನಾನು ಈಗ ಆ ಒಂದು ನಿಮಿಷದ ಕಥೆ ಹೇಳುತ್ತೇನೆ.

ಎರಡನೇ ಸಲ ಬಾಂಡ್ ಗೆದ್ದಿತು. ದೊಡ್ಡ ಅಂತರವೇನಲ್ಲ, ದಾಟಬೇಕಾದ ಗೆರೆಯನ್ನು ದಾಟಿತು. ನನ್ನ ಲಕೋಟೆ ಬಂದ ಮಾರನೇ ದಿನವೇ ಡಬ್ಬಿಗೆ ಬಿದ್ದಿತ್ತು. ಇವತ್ತು ಆ ಜಾಗದಲ್ಲಿ ಗೋಡೆ ಏಳುತ್ತಿದೆ, ಬರುವಾಗ ನೋಡಿರುತ್ತೀರಿ.

ಆದರೆ ಕೆಲಸ ಮುಗಿದಿಲ್ಲ. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅವರ ಮೊದಲ ಸೂತ್ರ, ಪುಸ್ತಕ ಇರುವುದು ಬಳಕೆಗೆ. ಕೊನೆಯ ಸೂತ್ರ, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ. ಹೊಸ ಕಟ್ಟಡದಲ್ಲಿ ಕನ್ನಡಕ್ಕೊಂದು ಕಪಾಟು ಕೇಳಿದ್ದೇವೆ. ಕೊಡುತ್ತಾರೆ. ಆದರೆ ಯಾರೂ ಎರವಲು ಪಡೆಯದ ಪುಸ್ತಕವನ್ನು ಕೆಲವು ವರ್ಷಗಳಲ್ಲಿ ತೆಗೆದುಬಿಡುತ್ತಾರೆ, ಅದು ಎಲ್ಲ ಭಾಷೆಗೂ ಒಂದೇ ನಿಯಮ. ಕಪಾಟಿಗಾಗಿ ಹೋರಾಡಿದ ನಾವೇ ಅದನ್ನು ಖಾಲಿ ಮಾಡಿಸಬಹುದು, ಸುಮ್ಮನೆ ಕೂತರೆ ಸಾಕು.

ಅದಕ್ಕೇ ಪದವೀಧರರಲ್ಲಿ ನನ್ನದು ಮೂರು ಕೋರಿಕೆ. ಒಂದು, ಬಾಗಿಲು ತೆರೆದ ದಿನ ಹೋಗಿ ಒಂದು ಕನ್ನಡ ಪುಸ್ತಕ ಎರವಲು ತನ್ನಿ. ಪೂರ್ತಿ ಓದಲಾಗದಿದ್ದರೆ ಅಜ್ಜಿಗೆ ಓದಿ ಹೇಳಿ, ಅವರು ತಿದ್ದುತ್ತಾರೆ. ಎರಡು, ಈ ರಾಜ್ಯದಲ್ಲಿ ಪ್ರಜೆಗಳಾದವರು ಹದಿನಾರಕ್ಕೇ ಮತದಾರರಾಗಿ ಮುಂಗಡ ನೋಂದಣಿ ಮಾಡಿಸಿಕೊಳ್ಳಬಹುದು. ಈ ವಾರವೇ ಮಾಡಿಸಿಕೊಳ್ಳಿ. ಮೂರು, ಕಾಲೇಜಿಗೆ ಯಾವ ಊರಿಗೇ ಹೋಗಿ, ಅಲ್ಲಿನ ಗ್ರಂಥಾಲಯದಲ್ಲಿ ಒಂದು ಕಾರ್ಡ್ ಮಾಡಿಸಿ. ಆಗ ಆ ಊರು ನಿಮ್ಮದಾಗುತ್ತದೆ.

'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎಂದರು ಹಿರಿಯರು. ದೇಶ ಸುತ್ತುವ ಭಾಗವನ್ನು ನಿಮ್ಮ ಅಪ್ಪ ಅಮ್ಮ ಮಾಡಿ ಮುಗಿಸಿದ್ದಾರೆ. ಕೋಶ ಇಡಲು ಒಂದು ಜಾಗ ಕಟ್ಟಿದ್ದೇವೆ. ಓದುವ ಭಾಗ ನಿಮಗೆ ಬಿಟ್ಟದ್ದು.

ಮತ್ತೆ ಪೋಷಕರೇ, ಮನೆಗೆ ಹೋದ ಮೇಲೆ ದಯವಿಟ್ಟು ಒಮ್ಮೆ ಫ್ರಿಜ್ ಮೇಲೆ ನೋಡಿ.

ಮಕ್ಕಳೆಲ್ಲರಿಗೂ ಅಭಿನಂದನೆಗಳು.