ಶರಣು ಎಂಬ ಮಾತು



ಈ ಸಂಜೆ ನಾವು ನನ್ನಿವಾಳಕ್ಕೆ ಬಂದು ಈ ಗದ್ದುಗೆ ಮುಟ್ಟುವಷ್ಟರಲ್ಲಿ ಎಷ್ಟೋ ಜನ ‘ಶರಣ್ರೀ ಬುದ್ಧೀ’ ಎಂದಿರಿ. ಇವತ್ತು ಆ ಮೂರಕ್ಷರವನ್ನೇ ವಿಚಾರ ಮಾಡೋಣ.

ಜಪಾನ್ ದೇಶದಲ್ಲಿ ‘ಸುಮಿಮಾಸೆನ್’ ಎಂಬುದೊಂದು ಮಾತಿದೆ. ತಪ್ಪಾಯಿತು ಎನ್ನಲೂ ಅದೇ, ಉಪಕಾರವಾಯಿತು ಎನ್ನಲೂ ಅದೇ, ಹೋಟೆಲಿನಲ್ಲಿ ಮಾಣಿಯನ್ನು ಕರೆಯಲೂ ಅದೇ. ಸೋಜಿಗಪಡಬೇಡಿ, ನಮ್ಮ ಶರಣು ಹೊತ್ತ ಹೊರೆಯೇನೂ ಕಡಿಮೆಯದಲ್ಲ. ಎದುರಾದಾಗ ಶರಣು, ಬೀಳ್ಕೊಡುವಾಗ ಶರಣು. ಸೋತ ಸೈನಿಕ ಶರಣಾಗುತ್ತಾನೆ, ಕಳ್ಳ ಪೊಲೀಸರಿಗೆ ಶರಣಾಗುತ್ತಾನೆ. ಬೌದ್ಧರು ಬುದ್ಧ, ಧರ್ಮ, ಸಂಘ ಈ ಮೂರಕ್ಕೆ ಶರಣು ಹೋಗುತ್ತಾರೆ. ಷಟ್‌ಸ್ಥಲದಲ್ಲಿ ಶರಣನದು ಐದನೆಯ ಸ್ಥಲ, ಐಕ್ಯಕ್ಕೆ ಒಂದೇ ಮೆಟ್ಟಿಲು ಕೆಳಗೆ. ಕಳ್ಳನಿಗೂ ಶಿವಯೋಗಿಗೂ ಒಂದೇ ಮಾತು ನೋಡಿ!

ಸಂಸ್ಕೃತದಲ್ಲಿ ‘ಶರಣ’ ಎಂದರೆ ಆಸರೆ, ಕಾಪು. ಮನೆ ಎಂಬ ಅರ್ಥವೂ ಉಂಟು. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮದು ಮ್ಯಾಸನಾಯಕರ ಕಟ್ಟೆಮನೆಯ ಊರು. ದಿಕ್ಕು ಕಾಣದವನು ತನ್ನ ವ್ಯಾಜ್ಯ ಹೊತ್ತು ಬರುತ್ತಿದ್ದುದು ಮನೆ ಎನಿಸಿಕೊಂಡ ಜಾಗಕ್ಕೇ ಅಲ್ಲವೇ? ಶರಣು ಎಂದವನಿಗೆ ‘ಶರಣಾರ್ಥಿ’ ಎನ್ನುವುದು ವಾಡಿಕೆ. ನಾನೂ ಆಸರೆ ಬೇಡುವವನೇ ಎಂದು ಅದರರ್ಥ. ಹಿರಿಯನೂ ಬಾಗಬೇಕು. ಸ್ವಾಮಿಗಳಾದ ನಾವು ಎಷ್ಟೋ ಸಲ ಬರೀ ಕೈ ಎತ್ತಿ ಸುಮ್ಮನಾಗುತ್ತೇವೆ. ಅದು ನಮ್ಮ ತಪ್ಪು.

ಇನ್ನು ಪತ್ರಿಕೆಯ ಮಾತು. ‘ರೈತ ಆತ್ಮಹತ್ಯೆಗೆ ಶರಣು’ ಎಂದು ಅಚ್ಚು ಹಾಕುತ್ತಾರೆ. ಓದಿದಾಗಲೆಲ್ಲ ನಮ್ಮ ಎದೆ ಕಲಕುತ್ತದೆ. ಚಳ್ಳಕೆರೆ ಸೀಮೆಯ ಶೇಂಗಾ ಮಳೆಯನ್ನೇ ನಂಬಿದ ಬೆಳೆ. ಹೂವು ಕಾಯಿಗೆ ತಿರುಗುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೀಜಕ್ಕೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ. ಆ ಸಂಕಟ ಸುಳ್ಳಲ್ಲ. ಆದರೆ ಸಾವು ಯಾರಿಗೆ ಆಸರೆಯಾದೀತು? ಹೆಂಡತಿ ಮಕ್ಕಳ ಆಸರೆಯೂ ಅದರೊಡನೆ ಹೋಗುತ್ತದೆ. ಮನೆ ಎಂಬ ಅರ್ಥವುಳ್ಳ ಮಾತನ್ನು ಅಲ್ಲಿಗೆ ಹಚ್ಚುವುದು ತರವಲ್ಲ.

ವರದಿಗಾರರು ಯಾರಾದರೂ ಇಲ್ಲಿದ್ದರೆ ಕೇಳಿಕೊಳ್ಳುತ್ತೇವೆ, ಆ ತಲೆಬರಹ ಬಿಡಿ. ತಾಯಂದಿರೇ, ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು ಕೂತರೆ ಒಂಟಿಯಾಗಿ ಬಿಡಬೇಡಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬುದಿದೆ. 14416ಕ್ಕೆ ಫೋನ್ ಮಾಡಿದರೆ ಹಗಲಿರುಳೂ ಕಾಸಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಮಠಕ್ಕೂ ಬನ್ನಿ. ಸಾಲದ ಕಾಗದ ತನ್ನಿ, ಕೂತು ಓದೋಣ. ಅಪರಾತ್ರಿಯಾದರೂ ಬಾಗಿಲಲ್ಲಿ ನಿಂತು ಶರಣು ಅಂದರೆ ಸಾಕು, ಏಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ.